ಮಗುವಿನ ಗಂಟೆ

ಹೊನ್ನಲಪಾಳ್ಯದ ಕ್ರೈಸ್ತರ ಗುಡಿಯ ಪಕ್ಕದಲ್ಲಿ ಪೂಜ್ಯ ಮತಿಯಾಸ್ ಸ್ವಾಮಿಗಳು ವಾಸವಾಗಿದ್ದರಲ್ಲ, ಆ ಮನೆಯನ್ನು ಊರಿನವರು ‘ಗುರುಗಳ ಬಂಗಲೆ’ ಎಂದು ಹೆಮ್ಮೆಯಿಂದ ಕರೆಯುತ್ತಿದ್ದರು. ಹೊರಗಿನಿಂದ ಬಂದವರಿಗೆ ಅದನ್ನು ನೋಡಿ ನಗು ಬರಬೇಕು. ಮಣ್ಣಿನ ಗೋಡೆ, ನಾಡಹೆಂಚಿನ ಮಾಡು, ಮಲಗಲೊಂದು ಕೋಣೆ, ಬೇಯಿಸಲೊಂದು ಮೂಲೆ, ಮುಂದೆ ಗಾರೆ ಕಿತ್ತುಹೋದ ಜಗಲಿ. ಇಷ್ಟೇ ಬಂಗಲೆ. ಆ ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಸ್ವಾಮಿಗಳು ಊರ ಹೆಂಗಸರ ಹರಿದ ಜಪಸರಗಳನ್ನು ತಂತಿಯಲ್ಲಿ ಪೋಣಿಸಿ ಕೊಡುತ್ತಿದ್ದರು. ಅವರ ಕೈ ತಾಗಿದ ಮಣಿಯಲ್ಲಿ ಮಾಡಿದ ಜಪ ಬೇಗ ಫಲಿಸುತ್ತದೆಂಬ ನಂಬಿಕೆಯಿಂದ, ಗಟ್ಟಿಮುಟ್ಟಾಗಿದ್ದ ಜಪಸರವನ್ನೂ ಜಗ್ಗಿ ಹರಿದು ತರುವವರಿದ್ದರಂತೆ. ಸ್ವಾಮಿಗಳಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಪೋಣಿಸುತ್ತಿದ್ದರು.

ಈಗ ಹೇಳುವ ಪ್ರಸಂಗ ಅವರ ಕೊನೆಯ ವರ್ಷದ್ದು. ಅಷ್ಟರಲ್ಲಿ ಅವರ ಕಾಲುಗಳು ಊದಿಕೊಂಡಿದ್ದವು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಪಟ್ಟಣದ ವೈದ್ಯರು ಎದೆ ಪರೀಕ್ಷಿಸಿ, ಇನ್ನು ಆಗದೆಂದು ತಲೆಯಾಡಿಸಿದ್ದರು. ಧರ್ಮಾಧ್ಯಕ್ಷರು, ‘ಬನ್ನಿ, ಇಲ್ಲಿ ನಮ್ಮ ಜೊತೆ ಇದ್ದು ವಿಶ್ರಾಂತಿ ತೆಗೆದುಕೊಳ್ಳಿ’ ಎಂದು ಹೇಳಿ ಕಳಿಸಿದಾಗ, ‘ಇಲ್ಲಿಯ ಸಮಾಧಿಗಳೆಲ್ಲ ನನ್ನ ಪರಿಚಯದವರದು, ಅಲ್ಲಿ ಯಾರ ಪಕ್ಕ ಮಲಗಲಿ?’ ಎಂದು ಸ್ವಾಮಿಗಳು ನಕ್ಕುಬಿಟ್ಟಿದ್ದರು. ಊರಿನವರಿಗೆ ಮಾತ್ರ ನಗು ಬರಲಿಲ್ಲ. ಇವತ್ತೋ ನಾಳೆಯೋ ಎಂದು ಎಲ್ಲರ ಕಿವಿಯೂ ಗುಡಿಯ ಗಂಟೆಯ ಕಡೆಗೇ ಇತ್ತು.

ಆ ಗಂಟೆಯ ವಿಷಯ ಮೊದಲು ಹೇಳಬೇಕು. ಗುಡಿಯ ಗೋಪುರದಲ್ಲಿ ಎರಡು ಗಂಟೆಗಳಿದ್ದವು, ಒಂದು ದೊಡ್ಡದು, ಒಂದು ಚಿಕ್ಕದು. ದಿನದ ಮೂರು ಹೊತ್ತಿನ ಪ್ರಾರ್ಥನೆಗೆ ದೊಡ್ಡ ಗಂಟೆ ಮಾತ್ರ. ಭಾನುವಾರ, ಹಬ್ಬ, ಮದುವೆಗಳಿಗೆ ಎರಡೂ ಒಟ್ಟಿಗೆ. ಊರಿನಲ್ಲಿ ದೊಡ್ಡವರು ತೀರಿಕೊಂಡರೆ ದೊಡ್ಡ ಗಂಟೆಯನ್ನು ಒಂದು ಪೆಟ್ಟು ಹೊಡೆದು, ಅದರ ದನಿ ಪೂರ್ತಿ ಆರುವವರೆಗೆ ಕಾದು, ಮತ್ತೊಂದು ಪೆಟ್ಟು ಹೊಡೆಯಬೇಕು. ಅದು ಸಾವಿನ ಗಂಟೆ. ಆದರೆ ಜ್ಞಾನಸ್ನಾನದ ದೀಕ್ಷೆ ಪಡೆದ ಎಳೆಯ ಮಗು ತೀರಿಕೊಂಡರೆ ಸಾವಿನ ಗಂಟೆ ಕೂಡದು. ಹಬ್ಬಕ್ಕೆ ಬಾರಿಸುವ ಹಾಗೆ ಎರಡು ಗಂಟೆಗಳನ್ನೂ ಒಟ್ಟಿಗೆ ಬಾರಿಸಬೇಕು. ಪಾಪವರಿಯದ ಮಗು, ತಡೆಯಿಲ್ಲದೆ ನೇರವಾಗಿ ಮೋಕ್ಷ ಸೇರುತ್ತದೆ, ಅಲ್ಲಿ ಅದಕ್ಕೆ ಹಬ್ಬ ಎಂಬ ಭಾವ. ಗುರುಗಳು ಆ ದಿನ ಕಪ್ಪು ಉಡುಪು ತೊಡುವುದಿಲ್ಲ, ಬಿಳಿಯದು ತೊಡುತ್ತಾರೆ. ಶೋಕಗೀತೆ ಹಾಡುವುದಿಲ್ಲ, ದೇವರ ಸ್ತುತಿ ಹಾಡುತ್ತಾರೆ. ಇದು ಹಿರಿಯರ ಕಾಲದಿಂದ ನಡೆದುಬಂದ ಪದ್ಧತಿ. ಊರಿನವರು ಇದನ್ನು ‘ಮಗುವಿನ ಗಂಟೆ’ ಎನ್ನುತ್ತಿದ್ದರು.

ಗಂಟೆ ಬಾರಿಸುವ ಸೇವೆ ಇನ್ನಾಸಪ್ಪನದು. ಅಪ್ಪನ ಕಾಲದಿಂದ ಬಂದ ಸೇವೆ. ಒಂದು ಕೈಯಲ್ಲಿ ದೊಡ್ಡ ಗಂಟೆಯ ಹಗ್ಗ, ಇನ್ನೊಂದು ಕೈಯಲ್ಲಿ ಚಿಕ್ಕ ಗಂಟೆಯ ಹಗ್ಗ ಹಿಡಿದು ಅವನು ಬಾರಿಸಿದರೆ ಹೊಲದಲ್ಲಿದ್ದವರ ಕಾಲುಗಳು ತಾವಾಗಿ ಹೆಜ್ಜೆ ಹಾಕುತ್ತಿದ್ದವು. ಎಷ್ಟೋ ಮಕ್ಕಳಿಗೆ ಅವನು ಮಗುವಿನ ಗಂಟೆ ಬಾರಿಸಿದ್ದ. ಬಾರಿಸಿ, ಮಗು ಕಳೆದುಕೊಂಡವರ ಮನೆಗೆ ಹೋಗಿ, ತಂದೆಯ ಬೆನ್ನು ತಟ್ಟಿ, “ಅಳಬ್ಯಾಡ ಕಣಪ್ಪ. ಗಂಟೆ ಕೇಳಲಿಲ್ವಾ? ನಿನ್ ಕೂಸು ದೇವರ ತೊಡೆ ಮ್ಯಾಲೆ ಕೂತದೆ” ಎಂದು ಹೇಳಿ ಬರುತ್ತಿದ್ದ. ಹೇಳುವಾಗ ಅವನಿಗೆ ಅದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ಬೇರೆಯವರ ಮನೆಯ ಸಾವಿನಲ್ಲಿ ಯಾರಿಗೆ ತಾನೇ ಸಂಶಯ ಬರುತ್ತದೆ!

ಇನ್ನಾಸಪ್ಪನಿಗೂ ಅವನ ಹೆಂಡತಿ ಮದಲೇಣಮ್ಮನಿಗೂ ಇದ್ದದ್ದು ಒಬ್ಬಳೇ ಮಗಳು, ಲೂರ್ದಮ್ಮ. ಬಹಳ ಹರಕೆ ಹೊತ್ತು ಪಡೆದ ಕೂಸು. ಎಲ್ಲರ ಬಾಯಲ್ಲಿ ಲೂರ್ದಿ. ನಡೆಯಲು ಕಲಿತದ್ದೇ ಅಪ್ಪನ ಹಿಂದೆ ಗುಡಿಗೆ ಹೋಗಲು ಎನ್ನುವಂತೆ ಅವಳು ದಿನವೂ ಗಂಟೆಯ ಗೋಪುರಕ್ಕೆ ಹಾಜರು. ಭಾನುವಾರಗಳಲ್ಲಿ ಚಿಕ್ಕ ಗಂಟೆಯ ಹಗ್ಗ ಅವಳಿಗೇ ಬೇಕು. ಅವಳ ಕೈಗೆ ಎಟುಕಲಿ ಎಂದು ಇನ್ನಾಸಪ್ಪ ಆ ಹಗ್ಗವನ್ನು ಕೆಳಗೆ ಇಳಿಬಿಟ್ಟು ತುದಿಯಲ್ಲಿ ಒಂದು ಗಂಟು ಹಾಕಿಕೊಟ್ಟಿದ್ದ. ಆ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಜಗ್ಗಿದರೆ, ಹಗ್ಗ ಮೇಲೇಳುವಾಗ ಅವಳೂ ತುದಿಗಾಲಲ್ಲಿ ಮೇಲೇಳುತ್ತಿದ್ದಳು. ನಗು ಗೋಪುರದ ತುಂಬ. ಗಂಟೆ ಮುಗಿದ ಮೇಲೆ ಬಂಗಲೆಯ ಜಗಲಿಗೆ ಓಟ. ಆ ಸೀಮೆಯ ಕ್ರೈಸ್ತರು ಗುರುಗಳನ್ನು ಕಂಡರೆ ಕೈಮುಗಿದು ‘ಸರ್ವೇಶ್ವರನಿಗೆ ಸ್ತೋತ್ರ, ಸ್ವಾಮಿ’ ಎನ್ನುವುದು ವಾಡಿಕೆ. ನಮಸ್ಕಾರ ಗುರುಗಳಿಗೆ, ಸ್ತುತಿ ದೇವರಿಗೆ. ಲೂರ್ದಿಯ ನಾಲಿಗೆ ಇನ್ನೂ ತಿರುಗುತ್ತಿರಲಿಲ್ಲ. “ತೋತ್ತ ತಾಮಿ” ಎನ್ನುತ್ತಿದ್ದಳು. ಸ್ವಾಮಿಗಳು ಜಪಸರ ಕೆಳಗಿಟ್ಟು, ತಾವೂ ಕೈಮುಗಿದು, “ತೋತ್ತ ತಾಯಿ” ಎನ್ನುತ್ತಿದ್ದರು. ಅಷ್ಟಾದ ಮೇಲೆ ಅವರ ಬೆಲ್ಲದ ಡಬ್ಬಿಯ ಮುಚ್ಚಳ ತೆರೆಯುತ್ತಿತ್ತು.

ಆ ವರ್ಷ ಮಳೆಗಾಲದ ಮೊದಲಲ್ಲಿ ಊರಿಗೆ ಗಂಟಲಮಾರಿ ಬಂತು. ದೊಡ್ಡವರನ್ನು ಬಿಟ್ಟು ಚಿಕ್ಕವರನ್ನೇ ಹುಡುಕುವ ರೋಗ. ಲೂರ್ದಿಗೆ ಜ್ವರ ಏರಿತು, ಗಂಟಲು ಕಟ್ಟಿತು, ನೀರೂ ಇಳಿಯದಾಯಿತು. ಸಂಜೆ ಸ್ವಾಮಿಗಳು ಇಬ್ಬರ ಹೆಗಲು ಹಿಡಿದು ಬಂದು, ಮಗುವಿನ ಹಣೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕುಳಿತು ಹೋದರು. ಇನ್ನಾಸಪ್ಪ ಗುಡಿಗೆ ಹೋಗಿ ಪೀಠದ ಮುಂದೆ ನೆಲಕ್ಕೆ ಹಣೆ ಹಚ್ಚಿದ. ‘ಇಷ್ಟು ವರ್ಷ ನಿಮ್ಮ ಗಂಟೆ ಬಾರಿಸಿದ್ದೀನಿ. ನಾನು ಏನೂ ಕೇಳಿದವನಲ್ಲ. ಇದೊಂದು ಕೊಡಿ’ ಎಂದ. ಬೆಳಗು ಹರಿಯುವ ಹೊತ್ತಿಗೆ ಮಗು ತಾಯಿಯ ಮಡಿಲಲ್ಲೇ ಉಸಿರು ಬಿಟ್ಟಿತು.

ಮದಲೇಣಮ್ಮ ಕೂಗಿಡಲಿಲ್ಲ. ನೀರು ಕಾಯಿಸಿ ಮಗುವನ್ನು ತೊಳೆದಳು. ಹಬ್ಬದ ಮೆರವಣಿಗೆಗೆಂದು ಹೊಲಿದಿದ್ದ ಬಿಳಿ ಲಂಗ ತೊಡಿಸಿದಳು. ಹಿತ್ತಲಿನ ಕಾಕಡ ಹೂವಿನಲ್ಲಿ ಪುಟ್ಟ ಕಿರೀಟ ಕಟ್ಟಿ ತಲೆಗಿಟ್ಟಳು. ಆಮೇಲೆ ಗೋಡೆಗೊರಗಿ ನಿಂತಿದ್ದ ಗಂಡನ ಕಡೆ ತಿರುಗಿ, “ಹೋಗಿ ಗಂಟೆ ಹೊಡೀರಿ. ಅದೊಂದು ಕಿವೀಗೆ ಬಿದ್ರೆ ನಂಗೆ ಜೀವ ಬರ್ತದೆ. ನನ್ ಕೂಸು ಅಲ್ಲಿಗೆ ತಲುಪ್ತು ಅಂತ ಗೊತ್ತಾಗ್ತದೆ” ಎಂದಳು.

ಇನ್ನಾಸಪ್ಪ ಹೊರಟ. ಬಂಗಲೆಯ ಮುಂದೆ ಹಾದುಹೋಗುವಾಗ ಜಗಲಿಯ ಮೇಲಿದ್ದ ಸ್ವಾಮಿಗಳು ಅವನ ಮುಖ ನೋಡಿಯೇ ತಿಳಿದು, ಗೋಡೆ ಹಿಡಿದು ಎದ್ದು ನಿಂತರು. ಇನ್ನಾಸಪ್ಪ ಕೈಮುಗಿಯಲಿಲ್ಲ. ಬಾಲ್ಯದಿಂದ ಒಂದು ದಿನವೂ ತಪ್ಪದ ಆ ಮಾತು ಅವನ ಬಾಯಿಗೆ ಬರಲಿಲ್ಲ. ತಲೆ ತಗ್ಗಿಸಿ ಗೋಪುರದೊಳಗೆ ಹೋದ.

ದೊಡ್ಡ ಗಂಟೆಯ ಹಗ್ಗ ಬಲಗೈಗೆ ಬಂತು. ಎಡಗೈ ಚಿಕ್ಕ ಗಂಟೆಯ ಹಗ್ಗಕ್ಕೆ ಹೋಯಿತು, ತುದಿಯಲ್ಲಿದ್ದ ಗಂಟಿಗೆ ತಾಗಿತು, ಹಾಗೆಯೇ ಹಿಂದಕ್ಕೆ ಬಂತು. ಹಬ್ಬದ ಗಂಟೆಯೇ? ಯಾರಿಗೆ ಹಬ್ಬ? ‘ಕೊಟ್ಟದ್ದನ್ನು ಕಿತ್ತುಕೊಂಡು, ಮೇಲಿಂದ ನನ್ನ ಕೈಲಿ ಸ್ತೋತ್ರ ಮಾಡಿಸಿಕೊಳ್ಳುತ್ತೀರಾ? ಮಾಡೋದಿಲ್ಲ. ಇದು ಹಬ್ಬ ಅಲ್ಲ, ಇದು ಸಾವು’ ಎಂದು ಮೇಲೆ ನೋಡಿ, ಗಟ್ಟಿಯಾಗಿಯೇ ಹೇಳಿ, ದೊಡ್ಡ ಗಂಟೆಯನ್ನು ಒಂದು ಪೆಟ್ಟು ಹೊಡೆದ. ದನಿ ಆರುವವರೆಗೆ ಕಾದ. ಮತ್ತೊಂದು ಹೊಡೆದ.

ಇತ್ತ ಊರಿನಲ್ಲಿ ಅಂದು ಯಾರಿಗೂ ತಲೆಯೆತ್ತಲು ಪುರುಸೊತ್ತಿರಲಿಲ್ಲ. ಹೊನ್ನಲಪಾಳ್ಯ ರೇಷ್ಮೆ ಸಾಕುವ ಊರು. ಮನೆಮನೆಯಲ್ಲೂ ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾಗಿದ್ದ ದಿನ ಅದು. ಹಣ್ಣಾದ ಹುಳುವನ್ನು ಆಗಿಂದಾಗಲೇ ತಟ್ಟೆಯಿಂದ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿ ಬೆಳೆ ಹಾಳು. ಅಂಥ ದಿನ ನೆಂಟರು ಬಂದರೂ ಹೊರಗೆ ಕೂರಿಸುತ್ತಾರೆ. ಎಳೆ ಮಗುವಿನ ಮಣ್ಣಿಗಾದರೆ ಮನೆಯವರು, ನೆರೆಯ ನಾಲ್ಕು ಜನ ಹೋಗಿ ಬರುವುದೇ ರೂಢಿ. ಲೂರ್ದಿಗೆ ಜೋರು ಜ್ವರವೆಂದು ಕೇಳಿದ್ದವರೂ ಹುಳುವಿನ ಗಡಿಬಿಡಿಯಲ್ಲಿ ಮರೆತಿದ್ದರು.

ಆದರೆ ಈ ಗಂಟೆ ಮಗುವಿನದಲ್ಲ. ಒಂದು ಪೆಟ್ಟು, ಮೌನ, ಮತ್ತೊಂದು ಪೆಟ್ಟು. ಇಷ್ಟು ದಿನ ಕಾದಿದ್ದ ಆ ಸುದ್ದಿ ಬಂದೇಬಿಟ್ಟಿತಲ್ಲ! “ಅಯ್ಯೋ, ನಮ್ ಸ್ವಾಮ್ಗಳು ಹೋಗ್ಬುಟ್ರು!” ಎಂದು ಯಾರೋ ಕೂಗಿದರು. ಅಷ್ಟೇ ಸಾಕಾಯಿತು. ಹುಳುವಿನ ತಟ್ಟೆಗಳು ಇದ್ದಲ್ಲೇ ಉಳಿದವು. ಗಂಡಸರು ಮೈಮೇಲಿನ ಪಂಚೆ ಸರಿಮಾಡಿಕೊಳ್ಳುತ್ತ ಓಡಿದರು. ಹೆಂಗಸರು ಎದೆ ಬಡಿದುಕೊಳ್ಳುತ್ತ ಓಡಿದರು. ಊರ ಯಜಮಾನ ಅಂತೋಣಪ್ಪ, ಮಂಡಿನೋವೆಂದು ಭಾನುವಾರದ ಪೂಜೆಗೂ ಗಾಡಿಯಲ್ಲಿ ಬರುತ್ತಿದ್ದ ಮನುಷ್ಯ, ಅಂದು ಎಲ್ಲರಿಗಿಂತ ಮುಂದೆ ಇದ್ದ. ಹಾಡಿ ಅಳುವುದರಲ್ಲಿ ಹೆಸರಾಗಿದ್ದ ಸಂತಿಯಮ್ಮಜ್ಜಿ ದಾರಿಯಲ್ಲೇ ಸ್ವಾಮಿಗಳ ಗುಣಗಾನ ಆರಂಭಿಸಿ, ಬಂಗಲೆ ಬರುವಷ್ಟರಲ್ಲಿ ಅರ್ಧ ಮುಗಿಸಿದ್ದಳು.

ಬಂದು ನೋಡಿದರೆ ಸ್ವಾಮಿಗಳು ಜಗಲಿಯ ಮೇಲೆ ಕುಳಿತು, ಊದಿದ ಪಾದವನ್ನು ಚಪ್ಪಲಿಯೊಳಗೆ ತೂರಿಸಲು ಒದ್ದಾಡುತ್ತಿದ್ದರು. ಮೈಮೇಲೆ ಬಿಳಿಯ ಉಡುಪು. ಸಂತಿಯಮ್ಮಜ್ಜಿಯ ಹಾಡು ನಡುವೆಯೇ ನಿಂತುಹೋಯಿತು. ಕೆಲವರು ಶಿಲುಬೆಯ ಗುರುತು ಹಾಕಿಕೊಂಡರು. ಕೆಲವರು ನಕ್ಕೂಬಿಟ್ಟರು, ಅಳುವಿನ ನಡುವೆ ಬರುತ್ತದಲ್ಲ, ಅಂಥ ನಗು. ಆಮೇಲೆ ಮನೆಯಲ್ಲಿ ಬಿಟ್ಟುಬಂದ ಹುಳುವಿನ ತಟ್ಟೆಗಳು ನೆನಪಾದವು, ಸಿಟ್ಟು ಬಂತು.

“ಏ ಇನ್ನಾಸ! ಈಚೆ ಬಾರಯ್ಯ! ಬುದ್ಧಿ ನೆಟ್ಟಗದೇನೋ ನಿಂಗೆ? ಹಣ್ಣಾದ ಹುಳ ಬುಟ್ಟು ಓಡಿ ಬಂದಿದ್ದೀವಿ ಕಣೋ! ಯಾರು ಸತ್ತೋರು?” ಎಂದು ಅಂತೋಣಪ್ಪ ಗೋಪುರದ ಕಡೆ ಗದರಿದ.

ಗಂಟೆ ನಿಂತಿತು. ಇನ್ನಾಸಪ್ಪ ಹೊರಗೆ ಬಂದು, ನೆರೆದವರನ್ನು ನೋಡಿ, “ನನ್ ಮಗಳು” ಎಂದ.

ಅಂತೋಣಪ್ಪನ ದನಿ ಇಳಿಯಿತು. “ಅಯ್ಯೋ ಕಂದ... ಆದ್ರೂ ಕೂಸಿಗೆ ಹಬ್ಬದ ಗಂಟೆ ಅಲ್ವೇನಪ್ಪ? ನೀನೇ ಎಷ್ಟು ಜನಕ್ಕೆ ಹೊಡೆದಿಲ್ಲ? ಹೋದ ವರ್ಷ ನನ್ ಮೊಮ್ಮಗೂಗೆ ನೀನೇ ಹೊಡೆದ್ಯಲ್ಲ!”

“ನಿಮ್ ಮೊಮ್ಮಗೂಗೆ ಹೊಡೆದೆ, ಯಜಮಾನ್ರೆ. ನಂದಕ್ಕೆ ಕೈ ಏಳಾಕಿಲ್ಲ” ಎಂದ ಇನ್ನಾಸಪ್ಪ. ಸ್ವಾಮಿಗಳ ಕಡೆ ತಿರುಗಿ, ಕೈಮುಗಿಯದೆಯೇ, “ಸ್ವಾಮಿ, ಈ ಬಾಯಲ್ಲಿ ಇನ್ನು ಸ್ತೋತ್ರ ಬರಾಕಿಲ್ಲ. ಬಂದ್ರೆ ಸುಳ್ಳಾಯ್ತದೆ. ಬೇಕಾದ್ರೆ ಗಂಟೆ ಸೇವೇನ ಬೇರೆಯೋರಿಗೆ ಕೊಟ್ಟುಬುಡಿ” ಎಂದ.

ಈಗ ಗುರುಗಳು ಬುದ್ಧಿ ಹೇಳುತ್ತಾರೆ ಎಂದು ಎಲ್ಲರೂ ಕಾದರು. ದೇವರ ಚಿತ್ತವೆಂದು ಹೇಳಬಹುದು, ಪರೀಕ್ಷೆಯೆಂದು ಹೇಳಬಹುದು, ಪದ್ಧತಿ ಮುರಿದದ್ದಕ್ಕೆ ಗದರಲೂಬಹುದು. ಸ್ವಾಮಿಗಳು ಅದಾವುದನ್ನೂ ಹೇಳಲಿಲ್ಲ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಜಗಲಿಯಿಂದಿಳಿದು, ಇನ್ನಾಸಪ್ಪನ ಹೆಗಲ ಮೇಲೆ ಕೈಯಿಟ್ಟು ನಿಂತು, ಜನರ ಕಡೆ ನೋಡಿದರು.

“ನನಗೆಂದು ಕಣ್ಣೀರು ತಂದಿದ್ದೀರಿ. ನಾನಿನ್ನೂ ಇದ್ದೇನೆ. ಅದನ್ನು ಲೂರ್ದಿಗೆ ಕೊಡೋಣ, ಬನ್ನಿ” ಎಂದರು.

ಹಾಗೆಂದು ಹೆಜ್ಜೆ ಇಟ್ಟೇಬಿಟ್ಟರು. ಹುಳುವಿನ ಮಾತು ಯಾರ ಬಾಯಲ್ಲೂ ಬರಲಿಲ್ಲ. ಇಡೀ ಊರು ಅವರ ಹಿಂದೆ ಇನ್ನಾಸಪ್ಪನ ಮನೆಗೆ ಹೋಯಿತು. ಹೊಸಿಲಲ್ಲಿ ಕಿವಿಗೊಟ್ಟು ಕುಳಿತಿದ್ದ ಮದಲೇಣಮ್ಮ ಗಂಡನ ಮುಖ ನೋಡಿದಳು. ಗಂಟೆ ಯಾಕೆ ಹಾಗೆ ಹೊಡೆದಿರಿ ಎಂದು ಕೇಳಲಿಲ್ಲ. ಅಷ್ಟು ಹೊತ್ತು ಒಬ್ಬಳೇ ಒಣಗಿದ ಕಣ್ಣಲ್ಲಿ ಕುಳಿತಿದ್ದವಳು, ಅಂಗಳದ ತುಂಬ ನಿಂತ ಜನರನ್ನು ಕಂಡಾಗ ಮೊದಲ ಬಾರಿಗೆ ಬಾಯಿಬಿಟ್ಟು ಅತ್ತಳು. ಹೆಂಗಸರು ಅವಳ ಸುತ್ತ ಕುಳಿತರು. ಸಂತಿಯಮ್ಮಜ್ಜಿ ಸ್ವಾಮಿಗಳಿಗೆಂದು ಎತ್ತಿದ್ದ ಹಾಡನ್ನು ಬಿಟ್ಟು, ಹಗ್ಗ ಹಿಡಿದು ತೂಗಿದ ಕಂದನ ಮೇಲೆ ಹೊಸದಾಗಿ ಹಾಡು ಕಟ್ಟಿದಳು. ಎಳೆ ಮಗುವಿಗೆ ಆ ಊರಿನಲ್ಲಿ ಅಂಥ ಅಳು ಹಿಂದೆಂದೂ ಸಿಕ್ಕಿರಲಿಲ್ಲ.

ಸಮಾಧಿಯ ಜಾಗ ಊರ ಹೊರಗಿನ ದಿಣ್ಣೆಯ ಮೇಲೆ. ಗಾಡಿ ಕಟ್ಟುತ್ತೇವೆ ಎಂದರೂ ಸ್ವಾಮಿಗಳು ಕೇಳಲಿಲ್ಲ. ನಡೆದರು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಂಡು ನಡೆದರು. ಪೆಟ್ಟಿಗೆಯನ್ನು ಹೊತ್ತ ಇನ್ನಾಸಪ್ಪ ಅವರ ಬೆನ್ನ ಹಿಂದೆಯೇ ಇದ್ದ. ಭಾರವೇ ಇಲ್ಲದ ಪೆಟ್ಟಿಗೆ ಅದು. ಆ ಹಗುರವೇ ಅವನನ್ನು ಕೊಲ್ಲುತ್ತಿತ್ತು.

ಆ ಕಾಲದಲ್ಲಿ ಪೂಜೆ ಸಂಸ್ಕಾರಗಳೆಲ್ಲ ಲತೀನ್ ಭಾಷೆಯಲ್ಲಿ ನಡೆಯುತ್ತಿದ್ದವು. ಮಕ್ಕಳ ಮಣ್ಣಿನ ಸ್ತುತಿಗೀತೆಯನ್ನು ಮಾತ್ರ ಸ್ವಾಮಿಗಳು ತಾವೇ ಕನ್ನಡಕ್ಕೆ ತಂದು, ತಾಯಂದಿರಿಗೆ ಅರ್ಥವಾಗಲೆಂದು ಹಾಡುತ್ತಿದ್ದರು. ಗುಂಡಿಯ ಪಕ್ಕದಲ್ಲಿ ನಿಂತು ಅವರು ಅದನ್ನು ಎತ್ತಿದರು. ಮೊದಲ ಸಾಲಿನಲ್ಲೇ ದನಿ ಒಡೆಯಿತು. ದಮ್ಮಿನಿಂದ ಎಂದುಕೊಂಡರು ಜನ. ಇನ್ನಾಸಪ್ಪ ತಲೆಯೆತ್ತಿ ನೋಡಿದ. ದಮ್ಮಲ್ಲ. ಸ್ವಾಮಿಗಳ ಎರಡೂ ಕೆನ್ನೆಗಳ ಮೇಲೆ ನೀರು ಇಳಿಯುತ್ತಿತ್ತು. ಎಷ್ಟೋ ಮಂದಿಯನ್ನು ಮಣ್ಣು ಮಾಡಿದ ಅವರು ಅಳುವುದನ್ನು ಆ ಊರು ನೋಡಿರಲಿಲ್ಲ. ಅವರು ಕಣ್ಣೊರಸಿಕೊಳ್ಳಲಿಲ್ಲ, ಮುಖ ಮರೆಸಲಿಲ್ಲ. ಒಂದು ಸಾಲು ಹಾಡುತ್ತಿದ್ದರು, ನಿಂತು ಅಳುತ್ತಿದ್ದರು, ಮತ್ತೆ ಅಲ್ಲಿಂದಲೇ ಎತ್ತಿ ಮುಂದಿನ ಸಾಲು ಹಾಡುತ್ತಿದ್ದರು. ದೇವರ ಹೊಗಳಿಕೆಯ ಒಂದು ಮಾತನ್ನೂ ಬಿಡಲಿಲ್ಲ. ಅಳುವನ್ನೂ ಬಿಡಲಿಲ್ಲ.

ಇನ್ನಾಸಪ್ಪ ದಂಗಾಗಿ ನಿಂತ. ಸ್ತೋತ್ರ ಮಾಡಬೇಕೆಂದರೆ ಮೊದಲು ಅಳು ನಿಲ್ಲಬೇಕು, ಒಳಗೆ ಸಿಟ್ಟಿರಬಾರದು, ಮಗು ಹೋದದ್ದೇ ಒಳ್ಳೆಯದಾಯಿತೆಂದು ಒಪ್ಪಬೇಕು. ಹಾಗೆಂದು ಅವನು ತಿಳಿದಿದ್ದ. ತಾನು ಊರಿನ ತಂದೆಯರಿಗೆಲ್ಲ ಹೇಳಿಕೊಂಡು ಬಂದದ್ದೂ ಅದನ್ನೇ ಅಲ್ಲವೆ?

ಪೆಟ್ಟಿಗೆ ಇಳಿಯಿತು. ಸ್ವಾಮಿಗಳು ಗುಂಡಿಯ ಅಂಚಿನಲ್ಲಿ ಕಷ್ಟದಿಂದ ಮೊಣಕಾಲೂರಿ, ಎಲ್ಲರೂ ತಮಗೆ ಕೈಮುಗಿಯುವಂತೆ ತಾವು ಆ ಮಗುವಿಗೆ ಕೈಮುಗಿದರು. “ತೋತ್ತ, ತಾಯಿ” ಎಂದರು. ಅಷ್ಟು ಕೇಳಿದ್ದೇ, ಬೆಳಗಿನಿಂದ ಕಲ್ಲಾಗಿದ್ದ ಇನ್ನಾಸಪ್ಪ ಕುಸಿದು ಕುಳಿತುಬಿಟ್ಟ.

ಮಣ್ಣಾಗಿ ಜನ ಚದುರಿದ ಮೇಲೆ ಅವನು ಸ್ವಾಮಿಗಳ ಹತ್ತಿರ ಬಂದು ಕೇಳಿದ. “ಸ್ವಾಮಿ, ಹೊಟ್ಟೇಲಿ ಇಷ್ಟು ಸಂಕಟ ಇಟ್ಕೊಂಡು ಸ್ತೋತ್ರ ಅಂದ್ರೆ ದೇವರಿಗೆ ಅದು ಸುಳ್ಳು ಅನ್ಸಲ್ವಾ?”

“ದೇವರೂ ಶಿಲುಬೆಯಲ್ಲಿ ಸತ್ತ ಮಗನನ್ನು ಹೂತವರೇ, ಇನ್ನಾಸಪ್ಪ. ಅಳುವವರ ದನಿ ಅವರಿಗೆ ಗೊತ್ತಾಗುತ್ತದೆ” ಎಂದರು ಸ್ವಾಮಿಗಳು. ಹೊರಡಲೆಂದು ಅವನ ಹೆಗಲು ಹಿಡಿದು, “ಮಗುವಿನ ಗಂಟೆಯನ್ನು ಇವತ್ತು ಬಾರಿಸಬೇಡ. ನಿನ್ನಿಂದಾದ ದಿನ ಬಾರಿಸು. ಅಳು ನಿಲ್ಲಲಿ ಎಂದು ಮಾತ್ರ ಕಾಯಬೇಡ. ಅಳುತ್ತಲೇ ಬಾರಿಸು” ಎಂದರು.

ಆ ಬಾರಿ ಹೊನ್ನಲಪಾಳ್ಯದ ರೇಷ್ಮೆ ಬೆಳೆ ಅರ್ಧ ಕೈಬಿಟ್ಟಿತು. ಹಣ್ಣಾದ ಹುಳುಗಳು ಯಜಮಾನರಿಗಾಗಲಿ ಗುರುಗಳಿಗಾಗಲಿ ಕಾಯುವುದಿಲ್ಲವಲ್ಲ. ಹೊರಗಿನ ವ್ಯಾಪಾರಿಗಳು ಗೂಡು ನೋಡಿ ಮೂಗು ಮುರಿದಾಗ ಅಂತೋಣಪ್ಪ, “ನಮ್ಮೂರ ಕೂಸು ಹೋಗಿತ್ತು ಕಣ್ರಯ್ಯ” ಎಂದನಂತೆ.

ಆಮೇಲಿನ ದಿನಗಳು ಕಷ್ಟದವು. ಇನ್ನಾಸಪ್ಪ ಸೇವೆ ಬಿಡಲಿಲ್ಲ. ಮೂರು ಹೊತ್ತು ದೊಡ್ಡ ಗಂಟೆ ಬಾರಿಸಿದ. ಆದರೆ ಭಾನುವಾರವೂ ದೊಡ್ಡದೊಂದೇ. ಹಬ್ಬಕ್ಕೂ ದೊಡ್ಡದೊಂದೇ. ಚಿಕ್ಕ ಗಂಟೆಯ ಹಗ್ಗ ತುದಿಯ ಗಂಟಿನೊಂದಿಗೆ ಹಾಗೆಯೇ ನೇತಾಡುತ್ತಿತ್ತು. ಅವನು ಅದನ್ನು ಬಿಚ್ಚಲಿಲ್ಲ, ಮುಟ್ಟಲೂ ಇಲ್ಲ. ಊರಿನವರು ಗಮನಿಸಿದರು. ಮದಲೇಣಮ್ಮ ಪ್ರತಿ ಭಾನುವಾರ ಬೆಳಿಗ್ಗೆ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಚಿಕ್ಕ ಗಂಟೆ ಕೇಳಿಸುತ್ತಿರಲಿಲ್ಲ. ಮತ್ತೆ ಕೆಲಸ ಹಿಡಿಯುತ್ತಿದ್ದಳು. ಗಂಡನಿಗೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವನಿಗೆ ಅದೂ ಒಂದು ಶಿಕ್ಷೆಯಾಗಿತ್ತು.

ಬೆಳಿಗ್ಗೆ ಗಂಟೆ ಮುಗಿಸಿ ಅವನು ಬಂಗಲೆಯ ಮುಂದೆ ಹಾದುಹೋಗಬೇಕು. ಸ್ವಾಮಿಗಳನ್ನು ಕಂಡರೂ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ಆಗ ಸ್ವಾಮಿಗಳೇ ಕೈಮುಗಿದು, “ಸರ್ವೇಶ್ವರನಿಗೆ ಸ್ತೋತ್ರ, ಇನ್ನಾಸಪ್ಪ” ಎನ್ನುತ್ತಿದ್ದರು. ಗುರುಗಳು ಮೊದಲು ಕೈಮುಗಿಯುವುದುಂಟೆ? ಒಂದು ದಿನ ಅವನು ತಡೆಯಲಾರದೆ, “ಬ್ಯಾಡಿ ಸ್ವಾಮಿ, ನಂಗೆ ಪಾಪ ಬರ್ತದೆ” ಎಂದ.

“ನಿನ್ನ ಬಾಯಿಗೆ ಬರುವವರೆಗೆ ನಿನ್ನ ಪಾಲಿನದನ್ನೂ ನಾನು ಹೇಳುತ್ತೇನೆ” ಎಂದರು ಸ್ವಾಮಿಗಳು. ಜಪಸರದ ಮಣಿ ಹುಡುಕುವುದಕ್ಕೆ ಮತ್ತೆ ತಲೆ ಬಗ್ಗಿಸಿದರು. ಮಳೆ ಬರಲಿ, ಚಳಿ ಬರಲಿ, ಎದೆಯ ನೋವು ಕಾಡಲಿ, ಒಂದು ಬೆಳಗೂ ಅವರು ಅದನ್ನು ತಪ್ಪಿಸಲಿಲ್ಲ. ಕೊನೆಕೊನೆಗೆ ಜಗಲಿಗೆ ಬರಲಾಗದಿದ್ದಾಗ ಮಂಚವನ್ನು ಕಿಟಕಿಯ ಪಕ್ಕಕ್ಕೆ ಹಾಕಿಸಿಕೊಂಡು, ಅಲ್ಲಿಂದಲೇ ಕೈಮುಗಿಯುತ್ತಿದ್ದರು.

ಕ್ರಿಸ್ಮಸ್ ಹತ್ತಿರ ಬಂದಿತ್ತು. ಒಂದು ದಿನ ಬೆಳಿಗ್ಗೆ ಇನ್ನಾಸಪ್ಪ ಗಂಟೆ ಮುಗಿಸಿ ಬಂದಾಗ ಕಿಟಕಿಯಲ್ಲಿ ಕೈಗಳು ಕಾಣಲಿಲ್ಲ. ಒಳಗೆ ಓಡಿದ. ಅಂತೋಣಪ್ಪನೂ ಇನ್ನಿಬ್ಬರು ಹಿರಿಯರೂ ಮಂಚದ ಸುತ್ತ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರು. ಪಕ್ಕದೂರಿನ ಗುರುಗಳು ಹಿಂದಿನ ದಿನವೇ ಬಂದು ಕೊನೆಯ ಸಂಸ್ಕಾರ ನೀಡಿ ಹೋಗಿದ್ದರು. ಸ್ವಾಮಿಗಳ ಕಣ್ಣು ತೆರೆದೇ ಇತ್ತು. ಇನ್ನಾಸಪ್ಪನನ್ನು ಕಂಡು ತುಟಿ ಅಲುಗಿತು. ಎದೆಯ ಮೇಲಿದ್ದ ಕೈಗಳು ಒಂದನ್ನೊಂದು ಸೇರಲು ಯತ್ನಿಸಿ, ಸೇರಲಾರದೆ ಜಾರಿದವು. ‘ಸ್ತೋ’ ಎಂಬುದಷ್ಟೇ ಹೊರಬಂತು. ಮುಂದಕ್ಕೆ ಉಸಿರಿರಲಿಲ್ಲ.

ಇನ್ನಾಸಪ್ಪನಿಗೆ ಅರ್ಥವಾಯಿತು. ಸಾಯುವ ಹೊತ್ತಿನಲ್ಲೂ ತನ್ನ ಪಾಲಿನದನ್ನು ಹೇಳಲು ಒದ್ದಾಡುತ್ತಿದ್ದಾರಲ್ಲ! ಅವನು ಮಂಚದ ಪಕ್ಕ ಮೊಣಕಾಲೂರಿ, ಆ ಎರಡು ಕೈಗಳನ್ನು ತನ್ನ ಕೈಗಳೊಳಗೆ ಜೋಡಿಸಿ ಹಿಡಿದು, ಗಳಗಳನೆ ಅಳುತ್ತ, “ಸರ್ವೇಶ್ವರನಿಗೆ ಸ್ತೋತ್ರ, ಸ್ವಾಮಿ... ನಾನೇ ಹೇಳ್ತೀನಿ, ನೀವು ಆಯಾಸ ಮಾಡ್ಕೋಬ್ಯಾಡಿ... ಸರ್ವೇಶ್ವರನಿಗೆ ಸ್ತೋತ್ರ” ಎಂದ.

ಸ್ವಾಮಿಗಳ ಮುಖ ತಿಳಿಯಾಯಿತು. ಆ ತಿಳಿಮುಖದಲ್ಲೇ ಅವರ ಉಸಿರು ನಿಂತಿತು ಎಂದು ಅಂತೋಣಪ್ಪ ಸಾಯುವವರೆಗೂ ಹೇಳುತ್ತಿದ್ದ.

ಇನ್ನಾಸಪ್ಪ ಎದ್ದು ಗೋಪುರಕ್ಕೆ ಹೋದ. ದೊಡ್ಡ ಗಂಟೆಯ ಹಗ್ಗ ಹಿಡಿದ. ಪದ್ಧತಿಯ ಪ್ರಕಾರ ಒಂದು ಪೆಟ್ಟು, ಮೌನ, ಮತ್ತೊಂದು ಪೆಟ್ಟು ಹೊಡೆಯಬೇಕಿತ್ತು. ಆದರೆ ಅವನ ಎಡಗೈ ಮುಂದೆ ಚಾಚಿತು. ತಿಂಗಳುಗಟ್ಟಲೆ ಮುಟ್ಟದಿದ್ದ ಹಗ್ಗವನ್ನು, ತುದಿಯ ಗಂಟಿನ ಮೇಲೆಯೇ ಹಿಡಿದ. ಅಳು ನಿಂತಿರಲಿಲ್ಲ. ನಿಲ್ಲಲಿ ಎಂದು ಕಾಯಲೂ ಇಲ್ಲ. ಎರಡನ್ನೂ ಒಟ್ಟಿಗೆ ಜಗ್ಗಿದ.

ಹಬ್ಬದ ಗಂಟೆ ಊರಿನ ಮೇಲೆ ಹರಿಯಿತು. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದವರು ತಲೆಯೆತ್ತಿದರು. ಇವತ್ತು ಯಾವ ಹಬ್ಬ? ಹಬ್ಬವಲ್ಲದಿದ್ದರೆ ಯಾರ ಮನೆಯ ಮಗು? ಯಾರಿಗೂ ತಿಳಿಯಲಿಲ್ಲ. ತಿಳಿದವಳು ಒಬ್ಬಳೇ. ರಾಗಿ ಬೀಸುತ್ತಿದ್ದ ಮದಲೇಣಮ್ಮ ಚಿಕ್ಕ ಗಂಟೆಯ ದನಿ ಕಿವಿಗೆ ಬಿದ್ದದ್ದೇ ಕಲ್ಲಿನ ಗೂಟ ಬಿಟ್ಟು ಎದ್ದಳು. ಮೊಣಕೈವರೆಗೂ ರಾಗಿ ಹಿಟ್ಟು. ಹಾಗೆಯೇ ಓಡಿದಳು. ಗೋಪುರದ ಬಾಗಿಲಲ್ಲಿ ನಿಂತು ನೋಡಿದರೆ ಗಂಡ ಅಳುತ್ತ ಬಾರಿಸುತ್ತಿದ್ದಾನೆ, ಬಾರಿಸುತ್ತ ಅಳುತ್ತಿದ್ದಾನೆ.

“ಸ್ವಾಮ್ಗಳು ಹೋದ್ರು ಕಣೆ” ಎಂದ ಅವನು. “ಒಬ್ಬರೇ ಹೋಗ್ಬಾರ್ದು ಅಂತ... ನಮ್ ಲೂರ್ದಿ ಎದುರಿಗೆ ಬರಲಿ ಅಂತ...”

ಮದಲೇಣಮ್ಮ ಒಳಗೆ ಬಂದು ಅವನ ಎಡಗೈಯಿಂದ ಚಿಕ್ಕ ಗಂಟೆಯ ಹಗ್ಗವನ್ನು ಬಿಡಿಸಿಕೊಂಡಳು. ಗಂಟು ಬಹಳ ಕೆಳಗಿತ್ತು. ಅದನ್ನು ಹಿಡಿಯಲು ಅವಳು ನೆಲದ ಮೇಲೆ ಮೊಣಕಾಲೂರಬೇಕಾಯಿತು. ಹಾಗೆಯೇ ಊರಿ, ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಊರಿನವರು ಬಂದು ಸೇರುವವರೆಗೂ ಗಂಡಹೆಂಡಿರು ಬಾರಿಸುತ್ತಲೇ ಇದ್ದರು. ಸಂಗತಿ ತಿಳಿದ ಮೇಲೆ ಯಾರೂ ಇದು ಸಾವಿನ ಗಂಟೆಯಲ್ಲ ಎಂದು ತಕರಾರು ತೆಗೆಯಲಿಲ್ಲ.

ಪೂಜ್ಯ ಮತಿಯಾಸ್ ಸ್ವಾಮಿಗಳು ಅವರ ಇಚ್ಛೆಯಂತೆ ಆ ದಿಣ್ಣೆಯ ಮೇಲೆ, ಪರಿಚಯದವರ ನಡುವೆ, ಲೂರ್ದಿಯ ಸಮಾಧಿಯಿಂದ ಕೂಗಳತೆಯಲ್ಲಿ ಮಲಗಿದ್ದಾರೆ. ಇನ್ನಾಸಪ್ಪ ಮುದುಕನಾಗುವವರೆಗೂ ಗಂಟೆಯ ಸೇವೆ ಮಾಡಿದ. ಊರಿನಲ್ಲಿ ಮಗು ತೀರಿಕೊಂಡರೆ ಅವನು ಮೊದಲು ಗೋಪುರಕ್ಕೆ ಹೋಗುತ್ತಿರಲಿಲ್ಲ, ಆ ಮನೆಗೆ ಹೋಗುತ್ತಿದ್ದ. ತಂದೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು ತಾನೂ ಅಳುತ್ತಿದ್ದ. ‘ಅಳಬ್ಯಾಡ’ ಎಂಬ ಮಾತನ್ನು ಅವನು ಮತ್ತೆ ಯಾರಿಗೂ ಹೇಳಿದ್ದಿಲ್ಲ. ಏಳುವಾಗ ಮಾತ್ರ ಆ ತಂದೆಯ ಬೆನ್ನ ಮೇಲೆ ಕೈಯಿಟ್ಟು, “ನೀನು ಅತ್ಕೋ ಕಣಪ್ಪ. ನಿನ್ ಬಾಯಿಗೆ ಬರೋಗಂಟ ನಿನ್ ಪಾಲಿನ ಸ್ತೋತ್ರ ನಾನು ಹೇಳ್ತಿರ್ತೀನಿ” ಎಂದು ಹೇಳಿ, ಗಂಟೆ ಬಾರಿಸಲು ಹೋಗುತ್ತಿದ್ದ.